ವಾಸುಮಾಮಾನ ಉಡಿ ಮತ್ತು ಟೆಕ್ಸಾಸಿನ ಬೋಳು ತೆಂಗಿನಕಾಯಿ

ಧಾರವಾಡ

ಫೋನು ಬಂದಾಗ ನಾನು ಬತ್ತಿ ಹೊಸೆಯುತ್ತಿದ್ದೆ. ಅವ್ವ ತೀರಿಕೊಂಡ ವರ್ಷ ಹೊತ್ತ ಲಕ್ಷ ಬತ್ತಿಯ ಹರಕೆ. ಬೆರಳಿಗೆ ವಿಭೂತಿ ಸವರಿಕೊಂಡು ಹತ್ತಿ ಎಳೆಯುವುದು, ನೂರಾದಾಗ ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕುವುದು. ಅವತ್ತು ತೊಂಬತ್ತೆರಡೋ ತೊಂಬತ್ತಮೂರೋ ಆಗಿತ್ತು. ಅಮೆರಿಕದಿಂದ ಶೈಲಾಳ ದನಿ ಕೇಳಿತು.

“ಮಂದಾ, ಅಪ್ಪನ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡ್ಲಿಕ್ಕತ್ತೀವಿ. ನೀ ಬರಬೇಕು. ಟಿಕೆಟ್ ನಾ ಕಳಸ್ತೀನಿ. ನಿನ್ನ ಉಡಿ ತುಂಬಬೇಕಂತ ಅಪ್ಪ ಹಟ ಹಿಡದಾನ.”

ಬತ್ತಿಯ ಲೆಕ್ಕ ತಪ್ಪಿತು.

ಶೈಲಾ ನನ್ನ ಸೋದರಮಾವ ವಾಸುಮಾಮಾನ ಮಗಳು. ಮಾಮಾನಿಗೆ ಎಂಬತ್ತು ದಾಟಿ, ಸಾವಿರ ಹುಣ್ಣಿಮೆ ಕಂಡಂತಾಗಿದೆ. ಅದಕ್ಕೆ ಶಾಂತಿ. ಉಡಿಯ ಮಾತು ಬೇರೆ. ನಮ್ಮ ಕಡೆ ತವರಿನವರು ಹೆಣ್ಣುಮಗಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಅರಿಷಿಣ ಬೇರು, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಸೆರಗೊಡ್ಡಿ ತುಂಬಿಸಿಕೊಂಡಳೆಂದರೆ ತವರಿನ ಮೇಲೆ ಮುನಿಸು ಉಳಿದಿಲ್ಲ ಎಂದು ಅರ್ಥ. ನನ್ನ ಅವ್ವ ನಾಲ್ಕು ದಶಕಕ್ಕೂ ಹೆಚ್ಚು ಕಾಲ ತಮ್ಮನ ಮನೆಯ ಉಡಿ ಒಲ್ಲೆನೆಂದು, ಹಾಗೆಯೇ ಸತ್ತಳು. ಪಂಚಮಿಗೆ ಮಾಮಾ ಕಳಿಸಿದ ಸೀರೆಯ ಪಾರ್ಸಲ್ಲು ಪ್ರತಿ ವರ್ಷ ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ಕೊನೆಕೊನೆಗೆ ಪೋಸ್ಟಮನ್ ಗೇಟಿನಲ್ಲೇ ನಿಂತು ಕೇಳುತ್ತಿದ್ದ: “ಅಮ್ಮಾರ, ಸೀರಿ ಬಂದದ. ನೋಡಿ ಕಳಸ್ತೀರೋ, ನೋಡದ ಕಳಸ್ತೀರೋ?”

ಕಾರಣ ಒಂದು ಲೋಟ ಹಾಲು.

ತುರ್ತು ಪರಿಸ್ಥಿತಿಯ ಕಾಲ. ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಊಟದ ಡಬ್ಬಿಯಲ್ಲಿ ಕರಪತ್ರ ಸಾಗಿಸಿದನೆಂದು ಅವನನ್ನು ಜೈಲಿಗೆ ಹಾಕಿದ್ದರು. ವಾಸುಮಾಮಾ ಆಗ ಸರ್ಕಾರಕ್ಕೆ ಪ್ರಚಾರದ ಪುಟ್ಟ ಪುಟ್ಟ ಸಿನಿಮಾ ಮಾಡಿಕೊಡುತ್ತಿದ್ದ. ಟಾಕೀಸಿನಲ್ಲಿ ದೊಡ್ಡ ಸಿನಿಮಾದ ಮುಂಚೆ ತೋರಿಸುವಂಥವು. ಒಂದು ದಿನ ಕ್ಯಾಮೆರಾ, ದೀಪ, ನಾಲ್ಕು ಮಂದಿಯನ್ನು ಕಟ್ಟಿಕೊಂಡು ನಮ್ಮ ಮನೆಗೇ ಬಂದ. “ಅಕ್ಕಾ, ಸುಖೀ ಸಂಸಾರ ಅಂತ ನಿಮ್ಮ ಮನೀನ ತೋರಸ್ತೀನಿ. ಮ್ಯಾಲಿನವರು ನೋಡಿದ್ರ ಭಾವನ್ನ ಬಿಡ್ತಾರ. ನಾ ಮಾತಾಡ್ತೀನಲ್ಲ” ಎಂದ. ಅವ್ವ ನಂಬಿದಳು. ಆರು ವರ್ಷದ ನನಗೆ ಎರಡು ಜಡೆ ಹೆಣೆದು ಕೂರಿಸಿದಳು.

ನಾನು ನಗುತ್ತ ಒಂದು ಲೋಟ ಹಾಲು ಕುಡಿಯಬೇಕು. ನನ್ನ ತಲೆಯ ಮೇಲೆ ಗೋಡೆಯಲ್ಲಿ ನಮ್ಮ ಕೀಲಿ ಗಡಿಯಾರ. ಸೋಮವಾರಕ್ಕೊಮ್ಮೆ ಅದಕ್ಕೆ ಕೀಲಿ ಕೊಡುವವನು ಅಪ್ಪ. ಅವನಿಲ್ಲದೆ ಅದು ನಿಂತುಹೋಗಿತ್ತು. ಮಾಮಾ ಸ್ಟೂಲು ಹತ್ತಿ ಬೆರಳಿನಿಂದ ಮುಳ್ಳು ತಿರುವಿ ಹತ್ತು ಗಂಟೆ ಮಾಡಿದ. ಒಂಬತ್ತು ಸಲ ಹಾಲು ಕುಡಿಸಿದ. ಹತ್ತನೆಯ ಸಲಕ್ಕೆ ನಾನು ಕ್ಯಾಮೆರಾದ ಮೇಲೆಯೇ ವಾಂತಿ ಮಾಡಿಕೊಂಡೆ. ಅವತ್ತಿನಿಂದ ಹಾಲು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಪೇಢೆ ಮಾತ್ರ ಇಳಿಯುತ್ತದೆ. ಧಾರವಾಡದಲ್ಲಿ ಹುಟ್ಟಿಸಿದ ದೇವರು ಅಷ್ಟು ದಯೆ ಇಟ್ಟಿದ್ದಾನೆ.

ಎರಡು ತಿಂಗಳ ಮೇಲೆ ಅವ್ವ ಓಣಿಯ ಹೆಂಗಸರ ಜೊತೆ ಒಂದು ಪುರಾಣದ ಸಿನಿಮಾಕ್ಕೆ ಹೋದಳು. ಮೊದಲು ಮಾಮಾನ ರೀಲು ಬಂತು. ತೆರೆಯ ಮೇಲೆ ನಾನು ಹಾಲು ಕುಡಿದೆ. ಮಾಮಾನದೇ ದನಿ ಗುಡುಗಿತು: ‘ಹತ್ತು ಅಂದರೆ ಹತ್ತು! ಈ ಮಗುವಿನ ತಂದೆ ಆಗಲೇ ಕಚೇರಿಯ ಕುರ್ಚಿಯಲ್ಲಿದ್ದಾರೆ!’ ಅವ್ವ ದೇವರು ಪ್ರತ್ಯಕ್ಷನಾಗುವ ತನಕ ಕಾಯದೆ ಎದ್ದು ಬಂದಳು.

ಅಪ್ಪನನ್ನು ಬಿಟ್ಟದ್ದು ಮುಂದೆ ಎಷ್ಟೋ ತಿಂಗಳಿಗೆ, ಚುನಾವಣೆ ಎಂದಾಗ, ಎಲ್ಲರ ಜೊತೆ. ಕಥೆ ಕೇಳಿ ಅವನು ನಕ್ಕುಬಿಟ್ಟ. “ಕಾಗದದಾಗ ನಾ ಜೈಲಿನಾಗ. ನಿನ್ನ ತಮ್ಮನ ಸಿನಿಮಾದಾಗ ಕುರ್ಚಿ ಮ್ಯಾಲೆ. ಎರಡೂ ಕಡೆ ಸರ್ಕಾರಿ ಊಟನ ಬಿಡು.”

ಅವ್ವ ನಗಲಿಲ್ಲ. “ಅವ ಒಂದ ಒಂದು ಖರೇ ಮಾತು ಹೇಳ್ಲಿ. ಆ ದಿವಸ ಸೆರಗು ಒಡ್ತೀನಿ” ಎಂದಳು. ಅವನು ಹೇಳಲಿಲ್ಲ, ಇವಳು ಒಡ್ಡಲಿಲ್ಲ. ಈಗ ಆ ಸೆರಗು ನನ್ನ ಹೆಗಲಿಗೆ ಬಂದಿತ್ತು.

“ಹೋಗಿ ಬಾ” ಎಂದರು ನಮ್ಮ ಮನೆಯವರು. “ಒಡ್ಡೂದು ಬಿಡೂದು ಅಲ್ಲೇ ತಿಳೀತದ. ಒಡ್ಡಿದ್ರ ಅಕ್ಕಿ ಕಡಿಮಿ ಹಾಕಸ್ಕೋ. ಬ್ಯಾಗಿಗೆ ತೂಕದ ಲಿಮಿಟ್ ಅದ.”

ಡಲ್ಲಾಸ್

ಡಲ್ಲಾಸಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಬ್ಯಾಗಿನಿಂದ ಬತ್ತಿಯ ಗಂಟು ಎತ್ತಿ ಹಿಡಿದು, ಇದೇನು ಎಂದ. ನನ್ನ ಇಂಗ್ಲಿಷು ಹೈಸ್ಕೂಲಿನದು. ಮೇಲೆ ತೋರಿಸಿ “ಗಾಡ್” ಎಂದೆ, ಹತ್ತಿಯನ್ನು ತೋರಿಸಿ “ಫೈರ್” ಎಂದೆ. ಇನ್ನಿಬ್ಬರು ಬಂದರು. ವಿಮಾನ ನಿಲ್ದಾಣದಲ್ಲಿ ಹೇಳಬಾರದ ಮಾತು ಅದು ಎಂದು ಆಮೇಲೆ ತಿಳಿಯಿತು. ಹನುಮಪ್ಪನನ್ನು ನೆನೆದೆ. ಬಂದವರಲ್ಲಿ ಒಬ್ಬಾಕೆಯ ಕೊರಳಲ್ಲಿ ಸಣ್ಣ ಶಿಲುಬೆ ಇತ್ತು. ಅವಳು ನನ್ನ ಕುಂಕುಮ ನೋಡಿ, ಬತ್ತಿ ನೋಡಿ, “ಕ್ಯಾಂಡಲ್?” ಎಂದಳು. “ಯೆಸ್, ಕ್ಯಾಂಡಲ್!” ಎಂದೆ. ಭಕ್ತರ ಕಷ್ಟ ಭಕ್ತರಿಗೇ ಗೊತ್ತು. ಗಂಟನ್ನು ಅವಳೇ ಮತ್ತೆ ಕಟ್ಟಿಕೊಟ್ಟಳು, ನಾನು ಕಟ್ಟಿದ್ದಕ್ಕಿಂತ ಅಂದವಾಗಿ.

ಶೈಲಾಳ ಮನೆ ಊರ ಹೊರಗಿನ ಸೌತ್‌ಲೇಕಿನಲ್ಲಿ. ಅಲ್ಲಿ ಮನೆಗಳಿವೆ, ಹುಲ್ಲು ಇದೆ, ಮನುಷ್ಯರಿಲ್ಲ. ಇದ್ದರೆ ಕಾರಿನೊಳಗೆ ಇರುತ್ತಾರೆ. ಮರುದಿನ ಮುಂಜಾನೆ ಎದ್ದು ಸ್ನಾನ ಮಾಡಿ, ನಮ್ಮೂರಿನ ರೂಢಿಯಂತೆ ಬುಟ್ಟಿ ಹಿಡಿದು ಪೂಜೆಯ ಹೂವಿಗೆ ಹೊರಟೆ. ಪಕ್ಕದ ಮನೆಯ ಅಂಗಳದಲ್ಲಿ ಗುಲಾಬಿ ಬಿರಿದಿದ್ದವು. ದೇವರ ಹೂವಿಗೆ ಯಾರ ಅಪ್ಪಣೆ? ನಾಲ್ಕು ಕಿತ್ತೆ. ಐದನೆಯದಕ್ಕೆ ಕೈ ಹಾಕಿದಾಗ ಬಾಗಿಲು ಮಾತಾಡಿತು. “ಹಲೋ? ಕ್ಯಾನ್ ಐ ಹೆಲ್ಪ್ ಯೂ?” ಮನುಷ್ಯರಿಲ್ಲ, ದನಿ ಮಾತ್ರ. ನಾನು ಬಾಗಿಲಿಗೆ ನಮಸ್ಕಾರ ಮಾಡಿ ಓಡಿಬಂದೆ.

ತಿಂಡಿಯ ಹೊತ್ತಿಗೆ ಶೈಲಾಳ ಫೋನಿನಲ್ಲಿ ಓಣಿಯವರ ಗ್ರೂಪಿಗೆ ಆ ಬಾಗಿಲ ಕ್ಯಾಮೆರಾದ ವಿಡಿಯೊ ಬಂದಿತ್ತು: ನವವಾರಿ ಸೀರೆ ಉಟ್ಟು ನಾನು ಗುಲಾಬಿ ಕೀಳುವುದು, ಬೆಚ್ಚುವುದು, ಕೈಮುಗಿಯುವುದು. ಜೀವನದಲ್ಲಿ ಎರಡನೆಯ ಸಲ ನಾನು ಸಿನಿಮಾದಲ್ಲಿ ಬಂದಿದ್ದೆ, ಈ ಸಲವೂ ಕೇಳದೆ. ಶೈಲಾಳ ಮಗಳು ತಾರಾಗೆ ಹದಿನೇಳು ವರ್ಷ; ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಲ್ಲಿ ಮಾತ್ರ ಇಂಗ್ಲಿಷು. ಅವಳು ನಕ್ಕೂ ನಕ್ಕೂ ಉಪ್ಪಿಟ್ಟು ನೆತ್ತಿಗೇರಿಸಿಕೊಂಡಳು. ಸಂಜೆ ಆ ಮನೆಯಾಕೆ ತಾನೇ ಒಂದು ತೆಕ್ಕೆ ಗುಲಾಬಿ ಕೊಯ್ದು ತಂದುಕೊಟ್ಟಳು, ಯಾವ ದೇವರಿಗೆ ಎಂದು ಕೇಳಿ ತಿಳಿದುಕೊಂಡು ಹೋದಳು. ನಮ್ಮ ಓಣಿಯಲ್ಲಾಗಿದ್ದರೆ ದಾಸವಾಳದ ಗಿಡಕ್ಕೆ ಮುಳ್ಳುತಂತಿ ಬಿದ್ದಿರುತ್ತಿತ್ತು.

ಶೈಲಾಳ ಕಪಾಟಿನಲ್ಲಿ ವಾಸುಮಾಮಾನ ಜೀವನವೇ ಸಾಲಾಗಿ ನಿಂತಿತ್ತು. ಮೊದಲಿಗೆ ‘ಶಿಸ್ತೇ ಸಂಪತ್ತು’ ಎಂಬ ಪುಸ್ತಿಕೆ. ಮುಖಪುಟದಲ್ಲಿ ಉದಯಿಸುವ ಸೂರ್ಯ. ಆ ಸರ್ಕಾರ ಬಿದ್ದ ತಿಂಗಳಲ್ಲೇ ‘ಕತ್ತಲೆ ಕಳೆಯಿತು’; ಅದೇ ಪ್ರೆಸ್ಸು, ಅದೇ ಸೂರ್ಯ. ಮೂರು ವರ್ಷಕ್ಕೆ ಹಳಬರು ಮರಳಿ ಬಂದಾಗ ‘ಮತ್ತೆ ಬೆಳಗು’. ಸೂರ್ಯನ ಅಚ್ಚು ಅಷ್ಟು ಹೊತ್ತಿಗೆ ಸವೆದಿತ್ತು, ಕಿರಣಗಳು ಅರ್ಧ ಮೂಡಿದ್ದವು. 

“ಗಿಡ ನೆಡೂ ಸಿನಿಮಾ ಗೊತ್ತೇನು ನಿನಗ?” ಎಂದಳು ಶೈಲಾ. ತಂದೆಯ ಬಗ್ಗೆ ಅವಳಿಗೆ ಭ್ರಮೆಗಳೇನೂ ಇಲ್ಲ. “ಅವೇ ನಲವತ್ತು ಸಸಿ. ಹನ್ನೊಂದು ಹಳ್ಳಿಯೊಳಗ ನೆಟ್ಟು, ಶೂಟಿಂಗ್ ಮಾಡಿ, ಕಿತ್ತು, ಲಾರಿಗೆ ಹಾಕ್ಕೊಂಡು ಹೋಗ್ಯಾನ. ಸ್ಟೇಶನ್ನಿನಾಗ ಭಿಕ್ಷುಕರ ಇಲ್ಲ ಅಂತ ತೋರಸ್ಲಿಕ್ಕೆ ಅವರನ್ನ ಕ್ಯಾಮೆರಾ ಹಿಂದ ಕೂಡಿಸಿ ಬಾಳೆಹಣ್ಣು ಕೊಟ್ಟಾನ. ಹಣ್ಣು ಕೊಟ್ಟದ್ದು ಮಾತ್ರ ಖರೇ, ಮಂದಾ. ಅದನ್ನ ಶೂಟಿಂಗ್ ಮಾಡ್ಲಿಲ್ಲ ನೋಡು.”

ಆಮೇಲೆ ಸೋಪಿನ ಜಾಹೀರಾತು, ಹೊಳೆಯ ಮೇಲೆ ನಡೆಯುವ ಒಬ್ಬ ಸ್ವಾಮಿಯ ಸಿನಿಮಾ. ನೀರಿನ ಕೆಳಗೆ ಹಲಗೆ ಇತ್ತಂತೆ. ಮಾಮಿ ತೀರಿಕೊಂಡ ಮೇಲೆ ಮಾಮಾ ಮಗಳ ಹಿಂದೆ ಇಲ್ಲಿಗೆ ಬಂದ. ಆದರೆ ಸೌತ್‌ಲೇಕಿನಲ್ಲಿ ಕೇಳುವವರಿಲ್ಲ ಎಂದು ಹ್ಯೂಸ್ಟನ್ನಿನ ಪಕ್ಕದ ಸ್ಟಾಫರ್ಡಿನಲ್ಲಿ ಒಂದು ಫ್ಲ್ಯಾಟು ಹಿಡಿದ. ಅಲ್ಲಿ ಮೆಂತ್ಯದ ಸೊಪ್ಪಿನ ಅಂಗಡಿಯೂ ಕಾಲ್ನಡಿಗೆಯಲ್ಲಿ, ಶ್ರೋತೃಗಳೂ ಕಾಲ್ನಡಿಗೆಯಲ್ಲಿ. ಈಗ ಟೆಕ್ಸಾಸಿನ ಕನ್ನಡಿಗರ ಷಷ್ಟ್ಯಬ್ದಿಗೆಲ್ಲ ಅವನದೇ ವಿಡಿಯೊ. ಅವನ ವಿಡಿಯೊದಲ್ಲಿ ಎಲ್ಲ ಗಂಡಂದಿರೂ ಪಾತ್ರೆ ತೊಳೆಯುತ್ತಾರೆ.

ತಾರಾ ಶಾಲೆಯ ಪ್ರಾಜೆಕ್ಟಿಗೆ ಅಜ್ಜನ ಮೇಲೆ ಒಂದು ಸಾಕ್ಷ್ಯಚಿತ್ರ ತೆಗೆಯುತ್ತಿದ್ದಳು. ಆಗಿದ್ದಷ್ಟನ್ನು ಟೀವಿಗೆ ಹಾಕಿದಳು. ಬಿಳಿ ಜುಬ್ಬಾ, ಹೆಗಲಿಗೆ ಶಾಲು, ಮಾಮಾ ಕಿಟಕಿಯಾಚೆ ನೋಡುತ್ತ ಹೇಳುತ್ತಿದ್ದ: “ಅದು ಸರ್ವಾಧಿಕಾರದ ಕಾಲ. ಬಾಯಿ ತೆರೆಯುವಂತಿರಲಿಲ್ಲ. ಆದರೆ ನಾನು ಕಲಾವಿದ. ನನ್ನ ಹಾಲಿನ ಚಿತ್ರ ನೋಡಿ. ಮಗುವಿನ ಹಿಂದೆ ಗಡಿಯಾರವಿದೆ. ಅದು ನಿಂತ ಗಡಿಯಾರ! ನಿಂತ ಗಡಿಯಾರವೆಂದರೆ ನಿಂತ ದೇಶ. ಅದು ನನ್ನ ಗುಪ್ತ ಪ್ರತಿಭಟನೆ.”

ನಾನು ಹಾಲಿಲ್ಲದ ಚಹದ ಕಪ್ಪನ್ನು ಕೆಳಗಿಟ್ಟೆ.

“ದಟ್ಸ್ ಸೋ ಬ್ರೇವ್, ರೈಟ್, ಮಂದಾ ಆಂಟಿ?” ಎಂದಳು ತಾರಾ.

ಅವಳ ಮುಖ ನೋಡಿ, “ಚಹಾ ಆರ್ತದ ತಂಗಿ, ಕುಡಿ” ಎಂದೆ.

ದಾರಿ

ಆಸ್ಟಿನ್ನಿನ ಕನ್ನಡಿಗರು ಮಾಮಾನ ಹಳೆಯ ಚಿತ್ರಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಅದನ್ನು ಮುಗಿಸಿ ಅಲ್ಲಿಂದ ಅವನ ಜೊತೆಗೇ ಹ್ಯೂಸ್ಟನ್ನಿಗೆ ಹೋಗುವುದು ಎಂದು ಶೈಲಾ ಕಾರು ಹೊರಡಿಸಿದಳು. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕು ಸಿಕ್ಕಿತು. ನಮ್ಮೂರ ಬಸ್ ಸ್ಟ್ಯಾಂಡನ್ನು ಎರಡು ಸಲ ಅದರೊಳಗೆ ಇಡಬಹುದು. ಅಲ್ಲಿಯ ಬಚ್ಚಲು ಎಷ್ಟು ಚೊಕ್ಕ ಇತ್ತೆಂದರೆ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಹೋಗಬೇಕೇ ಎಂದು ಒಂದು ಕ್ಷಣ ಯೋಚಿಸಿದೆ. ದೂರದ ದಾರಿಯಲ್ಲಿ ಹೆಂಗಸರಿಗೆ ಅದಕ್ಕಿಂತ ದೊಡ್ಡ ದೇವರ ದಯೆ ಇಲ್ಲ.

ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿಗೆ ನೀಲಿ ಹೂವು ಹಾಸಿದ್ದವು. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಹಳದಿ ಫ್ರಾಕಿನ ಒಂದು ಹುಡುಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಮೂಗು ತುರಿಸಿಕೊಂಡು, ಬೇಡ ಬೇಡ ಎನ್ನುತ್ತಿದ್ದಳು. ಅವಳ ತಾಯಿ ಸ್ಮೈಲ್, ಸ್ಮೈಲ್ ಎನ್ನುತ್ತಿದ್ದಳು. ಕೊನೆಗೆ ಮಗು ಹಲ್ಲು ಕಿರಿಯಿತು. ನನಗೆ ಬಾಯಲ್ಲಿ ಹಾಲಿನ ವಾಸನೆ ಬಂದಂತಾಗಿ ಕಿಟಕಿ ಇಳಿಸಿದೆ.

“ಶೈಲಾ, ಆ ಗಡಿಯಾರದ್ದು ಖರೇ ಅಲ್ಲ.”

“ಅಪ್ಪ ಹೇಳ್ಯಾನ ಅಂದ ಮ್ಯಾಲೆ ಖರೇ ಹ್ಯಾಂಗ ಇರ್ತದ?” ಎಂದು ಅವಳು ಲೇನು ಬದಲಿಸಿದಳು. “ಆದ್ರ ತಾರಾ ನಂಬ್ಯಾಳ. ಆಕೀಗೆ ಅಜ್ಜ ಅಂದ್ರ ದೊಡ್ಡ ಹೀರೊ. ಹೇಳ್ಬೇಕು ಅಂತ ಬಾಯಿತನಕ ಬರ್ತದ, ನುಂಗ್ತೀನಿ.”

ತಾರಾ ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದಳು.

ಆಸ್ಟಿನ್

ಮಾಮಾನನ್ನು ನಾನು ಕಣ್ಣಾರೆ ನೋಡಿ ಮೂವತ್ತು ವರ್ಷವಾಗಿತ್ತು. ಅವ್ವ ಹೋದಾಗಲೂ ಅವನು ಬರಲಿಲ್ಲ. ಶ್ರದ್ಧಾಂಜಲಿಯ ವಿಡಿಯೊ ಕಳಿಸಿದ್ದ, ಹಿನ್ನೆಲೆಯಲ್ಲಿ ಶಹನಾಯಿ. ಈಗ ಶಾಲೆಯೊಂದರ ಸಭಾಂಗಣದ ಬಾಗಿಲಲ್ಲಿ ಕೋಲೂರಿ ನಿಂತಿದ್ದ. ಬಡವಾಗಿದ್ದ, ಕಿವಿ ಮಾತ್ರ ದೊಡ್ಡವಾಗಿದ್ದವು, ಅವ್ವನ ಕಿವಿ.

“ಮಂದಾ!” ಎಂದ. ನಾನು ಮುಂದೆ ಬಂದೆ. “ಹಂಗ ನಿಂದ್ರು, ಹಂಗ ನಿಂದ್ರು. ತಾರಾ, ರೆಡಿ ಇದ್ದೀ ಏನು? ಮಂದಾ, ನೀ ಸ್ವಲ್ಪ ಹಿಂದ ಹೋಗಿ ಮತ್ತ ಬಾ. ಬೆಳಕು ಭಾಳ ಚಲೋ ಅದ.”

ನಾನು ಹಿಂದೆ ಹೋಗಿ ಮತ್ತೆ ಬಂದೆ. ಯಾಕೆ ಹಾಗೆ ಮಾಡಿದೆನೋ ರಾಯರಿಗೇ ಗೊತ್ತು. ಆರು ವರ್ಷಕ್ಕೆ ಬಿದ್ದ ರೂಢಿ ಇರಬೇಕು.

ಸಭಾಂಗಣದ ತುಂಬ ಮಂದಿ. ಹೆಚ್ಚಿನವರು ಪಕ್ಕದ ಟೇಲರ್ ಊರಿನ ಹೊಸ ಚಿಪ್ ಕಾರ್ಖಾನೆಗೆ ಸೇರಿದ ಬೆಂಗಳೂರು, ಮೈಸೂರಿನ ಎಂಜಿನಿಯರುಗಳು. ದೀಪ ಆರಿತು, ‘ಹತ್ತು ಅಂದರೆ ಹತ್ತು’ ಬಂತು. ಯಾರೋ ಪುಣ್ಯಾತ್ಮರು ಹಳೆಯ ರೀಲನ್ನು ಹುಡುಕಿ ಇಂಟರ್ನೆಟ್ಟಿಗೆ ಹಾಕಿದ್ದರಂತೆ. ಅದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಎರಡು ಜಡೆ. ಲೋಟ. ಲೋಟ ಕೊಡುವ ಒಂದು ಕೈ, ಮಣಿಕಟ್ಟಿನ ತನಕ ಮಾತ್ರ: ಗಾಜಿನ ಬಳೆ, ಹೆಬ್ಬೆರಳಿಗೆ ಈಳಿಗೆಯ ಹಳೆಯ ಗಾಯ. ಅವ್ವನ ಕೈ. ಅದು ಲೋಟ ಕೊಟ್ಟ ಮೇಲೂ ಒಂದು ಗಳಿಗೆ ಅಲ್ಲೇ ಇತ್ತು, ಚೆಲ್ಲಿಕೊಂಡಾಳು ಎಂದು. ಹಿನ್ನೆಲೆಯಲ್ಲಿ ಮಾಮಾನ ದನಿ ಕುರ್ಚಿ, ಕಚೇರಿ ಎಂದು ಏನೇನೋ ಗುಡುಗುತ್ತಿತ್ತು. ನಾನು ಆ ಕೈ ಮಾತ್ರ ನೋಡಿದೆ.

ದೀಪ ಹತ್ತಿತು. ಮಾಮಾ ನಿಂತ ಗಡಿಯಾರದ ಗುಟ್ಟನ್ನು ವಿವರಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಘದ ಕಾರ್ಯದರ್ಶಿ, ಮೈಸೂರಿನ ಹುಡುಗ, ಓಡಿಬಂದ.

“ಆಂಟಿ, ನೀವೇ ಅಂತೆ ಆ ಪಾಪು! ಬನ್ನಿ ಬನ್ನಿ, ಒಂದ್ ನಾಲ್ಕ್ ಮಾತಾಡಿ. ಆ ಗಡಿಯಾರದ ವಿಷಯ ನಿಮ್ಗೆ ಆಗ್ಲೇ ಗೊತ್ತಿತ್ತಾ?”

ಮೈಕು ಕೈಗೆ ಬಂತು. ಇಷ್ಟು ಮಂದಿ. ಮೊದಲ ಸಾಲಿನಲ್ಲಿ ತಾರಾ ಫೋನು ಹಿಡಿದಿದ್ದಳು. ಮಾಮಾ ನನ್ನನ್ನೇ ನೋಡುತ್ತಿದ್ದ. ಎರಡೂ ಕೈಯಲ್ಲಿ ಕೋಲು ಹಿಡಿದಿದ್ದ. 

“ಎಲ್ಲಾರಿಗೂ ನಮಸ್ಕಾರ” ಎಂದೆ. “ಊಟ ಆತೇನ್ರಿ?”

ಹೋ ಎಂದು ನಕ್ಕರು, ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ನಾನು ಬಂದು ಕೂತೆ. ಅಪ್ಪ ಊಟದ ಡಬ್ಬಿಯಲ್ಲಿ ಖರೇ ಮಾತು ಒಯ್ದು ಜೈಲಿಗೆ ಹೋದ. ನಾನು ಖರೇ ಮಾತಿನ ಜಾಗದಲ್ಲಿ ಊಟದ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ. ಬಿಸಿಬೇಳೆಭಾತು ಚೆನ್ನಾಗಿತ್ತು ಎಂದು ಎಲ್ಲರೂ ಅಂದರು. ನನಗೆ ಸೇರಲಿಲ್ಲ.

ಸ್ಟಾಫರ್ಡ್, ಹ್ಯೂಸ್ಟನ್ನಿನ ಮಗ್ಗುಲು

ಹ್ಯೂಸ್ಟನ್ನಿನ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಕಾರವಾರದಲ್ಲೂ ಹೀಗೆಯೇ, ಆದರೆ ಅಲ್ಲಿ ಬೆವರಿದ್ದಕ್ಕೆ ಸಮುದ್ರವಾದರೂ ಕಾಣುತ್ತದೆ.

ಸ್ಟಾಫರ್ಡಿನ ಅಂಗಡಿಗಳಲ್ಲಿ ಸಿಗದ ಸಾಮಾನಿಲ್ಲ. ಗರಿಕೆ ಇತ್ತು, ಪಂಚಪಾತ್ರೆ ಇತ್ತು, ಬಾದಾಮಿ ಕಡೆಯ ಖಣವೂ ಇತ್ತು. ಸಿಗದೆ ಹೋದದ್ದು ಒಂದೇ: ಜುಟ್ಟಿರುವ ತೆಂಗಿನಕಾಯಿ. ಅಲ್ಲಿಗೆ ಬರುವ ಕಾಯಿಗಳನ್ನೆಲ್ಲ ನುಣ್ಣಗೆ ಬೋಳಿಸಿ, ಪ್ಲಾಸ್ಟಿಕ್ಕು ಸುತ್ತಿ ಇಟ್ಟಿರುತ್ತಾರೆ. ಉಡಿಗೆ ಬೋಳು ಕಾಯಿ ಇಡುವುದಿಲ್ಲ. ಮೂರು ಅಂಗಡಿ ತಿರುಗಿ ನಾನು ಸೋತು ಬಂದೆ. 

“ನೀ ಚಿಂತಿ ಮಾಡಬ್ಯಾಡ” ಎಂದ ಮಾಮಾ. “ಕಾಯಿ ನನಗ ಬಿಡು.”

ಬಿಡಬಾರದಿತ್ತು.

ಶಾಂತಿ ಚೆನ್ನಾಗಿ ನಡೆಯಿತು. ಮಾಮಿ ಇಲ್ಲದೆ ಹೇಗೆ ಎಂದು ನನಗೆ ಅನುಮಾನವಿತ್ತು. ಪುರೋಹಿತರು ಅದಕ್ಕೊಂದು ದಾರಿ ತೋರಿಸಿದರು. ಅಮೆರಿಕದಲ್ಲಿ ಎಲ್ಲದಕ್ಕೂ ದಾರಿ ಇದೆ, ಬೇಕಾದರೆ ಮೇಲ್ಸೇತುವೆ ಕಟ್ಟುತ್ತಾರೆ. ಹೋಮದ ಹೊಗೆಗೆ ಅಲಾರಮ್ಮು ಕೂಗದಂತೆ ಮೊದಲೇ ವ್ಯವಸ್ಥೆ ಮಾಡಿದ್ದರು. ಐವತ್ತು ಅರವತ್ತು ಮಂದಿ ಊಟಕ್ಕೆ ಮುಂಚೆ ಉಡಿ ನೋಡಲು ನೆರೆದರು. ಮಾಮಾ ನನ್ನ ಕೈಗೆ ಒಂದು ಹಾಳೆ ಕೊಟ್ಟ. ಅದರಲ್ಲಿ ಬರೆದಿತ್ತು: ‘ಮಂದಾ ಸೆರಗೊಡ್ಡುತ್ತಾಳೆ. ಕಣ್ಣು ತುಂಬಿವೆ. ಮಾಮಾ: ಹಳೆಯದೆಲ್ಲ ಮರೆತುಬಿಡು, ಮಗಳೇ. ಮಂದಾ ತಲೆಯಾಡಿಸುತ್ತಾಳೆ.’ ನನಗೆ ಮಾತೇ ಇರಲಿಲ್ಲ. ಆರು ವರ್ಷದವಳಿದ್ದಾಗಲೂ ಇರಲಿಲ್ಲ.

ಮಣೆ ಹಾಕಿದರು. “ಆಕೀನ ಪಶ್ಚಿಮಕ್ಕ ಕೂಡಸ್ರಿ, ಕಿಡಕಿ ಬೆಳಕು ಮುಖದ ಮ್ಯಾಲೆ ಬೀಳ್ತದ” ಎಂದ ಮಾಮಾ.

“ಉಡಿ ಪೂರ್ವಕ್ಕೇ ತುಂಬೋದು” ಎಂದರು ಪುರೋಹಿತರು.

“ಮುಖ ಕರೀ ಬರ್ತದ್ರಿ!”

“ಬರ್ಲಿ. ಪುಣ್ಯ ಬೆಳ್ಳಗೆ ಬರುತ್ತೆ.”

ಪೂರ್ವಕ್ಕೇ ಕೂತೆ. ಸೆರಗು ಹೊದ್ದು ಬಿಗಿಯಾಗಿ ಹಿಡಿದುಕೊಂಡಿದ್ದೆ, ಇನ್ನೂ ಒಡ್ಡಿರಲಿಲ್ಲ. ಉಡಿ ತುಂಬುವವಳು ಶೈಲಾ; ಅಕ್ಕಿಯ ಬುಟ್ಟಿ ಅವಳ ಕೈಯಲ್ಲಿತ್ತು. ಖಣದ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಮಾಮಾ ಎದುರಿಗೆ ಬಂದು ನಿಂತ. ನೋಡುತ್ತೇನೆ, ಏನು ಕಾಯಿ! ತಲೆಯ ಮೇಲೆ ದಟ್ಟ ಕಂದು ಜುಟ್ಟು, ಧಾರವಾಡದ ಸಂತೆಯಲ್ಲೂ ಸಿಗದಂಥದ್ದು. ಸಮುದ್ರದಾಚೆಯೂ ದೇವರು ನನ್ನ ಮಾತು ಕೇಳಿದನಲ್ಲ ಎಂದು ಮನಸ್ಸು ಕರಗಿತು. ಸೆರಗು ಆಮೇಲೆ, ಮೊದಲು ಕಾಯಿಯನ್ನು ಕಣ್ಣಿಗೊತ್ತಿಕೊಳ್ಳೋಣ ಎಂದು ಜುಟ್ಟಿಗೆ ಕೈ ಹಾಕಿದೆ.

ಜುಟ್ಟು ನನ್ನ ಕೈಯಲ್ಲಿ ಬಂತು. ಕಾಯಿ ಮಾಮಾನ ಕೈಯಲ್ಲಿ ಉಳಿಯಿತು, ಬೋಳು, ನಡುವೆ ಗೋಂದಿನ ಮಚ್ಚೆ. ಕಾಲೊರಸುವ ನಾರಿನ ಚಾಪೆಯಿಂದ ಕಿತ್ತು ಅಂಟಿಸಿದ್ದ.

ಹಿಂದೆ ಒಂದು ಮಗು ಕಿಸಕ್ಕೆಂದಿತು. ಆಮೇಲೆ ಇಡೀ ಸಭೆ ನಕ್ಕಿತು. ಪುರೋಹಿತರು ಶಲ್ಯ ಬಾಯಿಗೆ ಒತ್ತಿಕೊಂಡರು.

“ಕಟ್!” ಎಂದ ಮಾಮಾ. “ತಾರಾ, ಇದನ್ನ ತಗದ್ಹಾಕು.”

ನನಗೆ ನಗು ಬಂದಿತ್ತು. ನಗುವಿನ ಜೊತೆಗೇ, ಆಸ್ಟಿನ್ನಿನಲ್ಲಿ ಗಂಟಲಲ್ಲಿ ನಿಂತದ್ದು ಹೊರಗೆ ಬಂತು.

“ಮಾಮಾ, ಗಡಿಯಾರ ಯಾಕ ನಿಂತಿತ್ತು?”

“ಹೇಳೀನಲ್ಲ, ಅದು ಪ್ರತಿಭಟನಾ...”

“ಯಾಕ ನಿಂತಿತ್ತು?”

ನಗು ನಿಂತಿತು. ಮಾಮಾ ತಾರಾಳ ಕಡೆ ನೋಡಿದ. ಅವಳು ಫೋನು ಕೆಳಗಿಳಿಸಲಿಲ್ಲ. “ವೈ, ಅಜ್ಜಾ?” ಎಂದಳು, ಮೆತ್ತಗೆ.

ಮಾಮಾ ತನ್ನ ಹಾಳೆಯಲ್ಲಿ ಹುಡುಕಿದ. ಅದರಲ್ಲಿ ಇದು ಇರಲಿಲ್ಲ.

“ಕೀಲಿ ಕೊಡೋರು ಇರಲಿಲ್ಲ” ಎಂದ. “ಭಾವ ಜೈಲಿನಾಗಿದ್ದ.”

“ಮತ್ತ?”

“ಮುಳ್ಳು ನಾನ ತಿರುವಿದೆ.”

“ಅವ್ವಗ ಏನ ಹೇಳಿದ್ದಿ?”

ಶೈಲಾ ಬುಟ್ಟಿಯನ್ನು ನೆಲಕ್ಕಿಟ್ಟು ಕೂತಳು.

“ಮ್ಯಾಲಿನವರ ಜೋಡಿ ಮಾತಾಡ್ತೀನಿ ಅಂದಿದ್ದೆ. ಒಬ್ಬರ ಮುಂದೂ ಬಾಯಿ ಬಿಡಲಿಲ್ಲ, ಮಂದಾ. ಕೇಳಿದ್ರ, ಇವ ಜೈಲಿನಾವನ ಹೆಂಡತಿ ತಮ್ಮ ಅಂತ ಗೊತ್ತಾಗ್ತದ, ನನ್ನ ಕ್ಯಾಮೆರಾ ಕಸಕೋತಾರ ಅಂತ ಅಂಜಿದೆ. ಅಕ್ಕ ದಿನಾ ಕೇಳಿ ಕಳಸ್ತಿದ್ದಳು. ಮಾತಾಡೀನಿ, ನಡದದ ಅಂತ ಹೇಳಿ ಕಳಸ್ತಿದ್ದೆ.”

ಟಾಕೀಸಿನಲ್ಲಿ ಗುಡುಗಿದ ದನಿ ಅದಲ್ಲ. ಮುದುಕನ ಸಣ್ಣ ದನಿ, ನಡುವೆ ಎರಡು ಸಲ ಒಡೆಯಿತು. ಈ ಮಾತು ಕೇಳಬೇಕಾದವಳು ಅಲ್ಲಿರಲಿಲ್ಲ. ಇದ್ದದ್ದು ಅವಳ ಮಗಳು, ಆರು ವರ್ಷದಲ್ಲಿ ಅವಳ ಕೈಯಿಂದ ಹಾಲಿನ ಲೋಟ ಹಿಡಿದವಳು. ಅವ್ವ ಆಡಿದ್ದು ಒಂದೇ ಮಾತಿನ ಕರಾರು. ಇವನು ಮೂರು ಹೇಳಿದ್ದ.

ಸೆರಗು ಒಡ್ಡಿದೆ.

ಶೈಲಾ ಐದು ಬೊಗಸೆ ಅಕ್ಕಿ ಹಾಕಿದಳು. ಅರಿಷಿಣ ಬೇರು ಬಿತ್ತು, ಉತ್ತತ್ತಿ ಬಿತ್ತು, ಖಣ ಬಿತ್ತು. ಬೋಳು ಕಾಯಿಯನ್ನು ನೋಡಿ ನಾನು ಪುರೋಹಿತರ ಮುಖ ನೋಡಿದೆ. “ಹಾಕ್ಸಿಕೊಳ್ಳಿ ತಾಯಿ. ಇಷ್ಟೆಲ್ಲಾ ಆದ್ಮೇಲೆ ಜುಟ್ಟಿಗೆ ಯಾಕೆ ತಡೀಬೇಕು” ಎಂದರು. ಭಾರಕ್ಕೆ ಸೆರಗು ಜಗ್ಗಿತು. ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡೆ. ಮಾಮಾನ ಕಾಲು ಮುಟ್ಟಿದೆ. ಅವನು ಧೋತರದ ಚುಂಗಿನಿಂದ ಕಣ್ಣೊರಸಿಕೊಂಡ, ಮೂಗೊರಸಿಕೊಂಡ, ನನ್ನ ತಲೆಯ ಮೇಲೆ ಕೈ ಇಟ್ಟ. ಆಮೇಲೆ ಕಿವಿಯ ಹತ್ತಿರ ಬಗ್ಗಿ ಕೇಳಿದ:

“ಚಲೋ ಬಂತು, ಮಂದಾ. ಆದ್ರ ಕಡೀಕ ನನ್ನ ಧ್ವನಿ ಸಣ್ಣದಾತು. ಇನ್ನೊಂದು ಸಲ ಮಾಡೂಣೇನು?”

“ಉಡಿ ಒಂದ ಸಲ ತುಂಬೂದು, ಮಾಮಾ.”

“ಹೌದಲ್ಲ” ಎಂದ, ನಿಜವಾಗಿ ಬೇಸರಪಟ್ಟುಕೊಂಡು.

ತಾರಾ ಏನನ್ನೂ ತೆಗೆದುಹಾಕಲಿಲ್ಲ. ಆ ಜುಟ್ಟನ್ನೂ ಒಂದು ಪ್ಲಾಸ್ಟಿಕ್ಕಿನ ಚೀಲದಲ್ಲಿ ಹಾಕಿ ಇಟ್ಟುಕೊಂಡಳು. ಎರಡು ದಿನ ಅಜ್ಜನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅವನ ಎದುರು ಕ್ಯಾಮೆರಾ ಇಟ್ಟು, ಆ ಸಸಿಗಳ ವಿಷಯ ಮೊದಲಿಂದ ಹೇಳು ಎಂದು ಕೂರಿಸಿದಳು. ಹನ್ನೊಂದು ಹಳ್ಳಿಯ ಹೆಸರುಗಳನ್ನೂ ಅವನು ಒಂದೊಂದಾಗಿ ಹೇಳುವುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ.

ಮತ್ತೆ ಧಾರವಾಡ

ಬ್ಯಾಗು ತೂಕದ ಮಿತಿಯೊಳಗೇ ಬಂತು, ಒಂದು ಕೂದಲೆಳೆಯಷ್ಟು ಕಡಿಮೆ. ಕಾಯಿಯನ್ನು ಅಲ್ಲೇ ಒಡೆದು ಹಂಚಿ ಬಂದಿದ್ದೆ. ಅಕ್ಕಿಯನ್ನು ಮಾತ್ರ ತಂದೆ. ಉಡಿಯ ಅಕ್ಕಿಯನ್ನು ಮನೆಯ ಒಲೆಯ ಮೇಲೆಯೇ ಬೇಯಿಸಬೇಕು. ಖಣವನ್ನು ಅವ್ವನ ಫೋಟೊದ ಮುಂದೆ ಇಟ್ಟು ನಡೆದದ್ದೆಲ್ಲ ಹೇಳಿದೆ. ಜುಟ್ಟಿನ ವಿಷಯ ಹೇಳುವಾಗ ನಗು ತಡೆಯಲಾಗಲಿಲ್ಲ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳಿದರು: “ಉಡಿ ಅಕ್ಕೀದು ಪಾಯಸ ಮಾಡ್ತೀ ಹೌದಲ್ಲೊ? ಹಾಲು ಎಷ್ಟು ತರಲಿ?”

“ಹಾಲು ಬ್ಯಾಡ. ಚಿತ್ರಾನ್ನ ಮಾಡ್ತೀನಿ. ಲಿಂಬಿಹಣ್ಣು ತರ್ರಿ.”

ಉಡಿ ಬೇರೆ, ಹಾಲು ಬೇರೆ.

ಬತ್ತಿಯ ಬುಟ್ಟಿ ಮೂಲೆಯಲ್ಲಿ ಕಾಯುತ್ತಿತ್ತು. ಆ ನೂರನ್ನು ಮೊದಲಿಂದ ಎಣಿಸಬೇಕು. ಅದು ನಾಳೆಗೆ ಇರಲಿ ಎಂದು ಮೊರ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಕೂತೆ. ಅಮೆರಿಕದ ಅಕ್ಕಿಯಲ್ಲಿ ಒಂದೂ ಕಲ್ಲಿರುವುದಿಲ್ಲ, ಸೀದಾ ತೊಳೆದು ಹಾಕು ಎಂದು ಶೈಲಾ ಹೇಳಿ ಕಳಿಸಿದ್ದಳು. ಇರಲಿಕ್ಕಿಲ್ಲ. ಆದರೂ ವಾಸುಮಾಮಾನ ಮನೆಯ ಅಕ್ಕಿ. ಒಂದು ಸಲ ಆರಿಸಿಬಿಡುವುದು ಒಳ್ಳೆಯದು.